ಸೆಕೆಂಡ್‌ಹ್ಯಾಂಡ್ ಟ್ರಾವೆಲ್ ಟ್ರೇಲರ್: ಖರೀದಿ, ಎಳೆತ, ಆರೈಕೆ

ಟ್ರಾವೆಲ್ ಟ್ರೇಲರ್ ಎಂದರೆ ಸ್ವಂತ ಎಂಜಿನ್ ಇಲ್ಲದ, ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದಿನ ಹಿಚ್ ಎಂಬ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ, ಗಾಲಿಗಳ ಮೇಲಿನ ಪುಟ್ಟ ಮನೆ. ಮಂಚ, ಗ್ಯಾಸ್ ಒಲೆ, ಫ್ರಿಜ್, ಶೌಚಾಲಯ, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲವೂ ಇದರೊಳಗೆ ಅಡಕ. ಬ್ರಿಟನ್ನಿನಲ್ಲಿ ಇದಕ್ಕೆ ಕ್ಯಾರವಾನ್ ಎಂದು ಹೆಸರು. ಅಮೆರಿಕ ಮತ್ತು ಕೆನಡಾಗಳಲ್ಲಿ ಆರ್‌ವಿ (ರಿಕ್ರಿಯೇಷನಲ್ ವೆಹಿಕಲ್) ಎಂದು ಕರೆಯುವ ದೊಡ್ಡ ಗುಂಪಿನಲ್ಲಿ ಇದೂ ಒಂದು. ಅದೇ ಗುಂಪಿನಲ್ಲಿ ಎಂಜಿನ್ ಸಹಿತವಾದ ಮೋಟರ್‌ಹೋಮ್, ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ ಕೊಂಡಿ ಕೂರುವ ಫಿಫ್ತ್ ವ್ಹೀಲ್, ಮಡಚಿಡಬಹುದಾದ ಪಾಪ್‌ಅಪ್ ಇವೆ. ಇವೆಲ್ಲವುಗಳಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಟ್ರಾವೆಲ್ ಟ್ರೇಲರ್. ಅದು ಕೈಯಿಂದ ಕೈಗೆ ದಾಟುವುದೂ ಹೆಚ್ಚು. ಹೊಸ ಟ್ರೇಲರಿನ ಬೆಲೆ ಮೊದಲ ಕೆಲವೇ ವರ್ಷಗಳಲ್ಲಿ ಜೋರಾಗಿ ಇಳಿಯುವುದರಿಂದ, ತಿಳಿದು ಖರೀದಿಸುವವರಿಗೆ ಹಳೆಯದೇ ಲಾಭ. ತಿಳಿಯದೆ ಕೊಂಡವರಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಬಳಸಿದ ಟ್ರೇಲರಿನ ಆಯುಷ್ಯವನ್ನು ತೀರ್ಮಾನಿಸುವುದು ನೀರು, ಅದನ್ನು ಎಳೆಯುವವರ ಸುರಕ್ಷತೆಯನ್ನು ತೀರ್ಮಾನಿಸುವುದು ತೂಕ. ಮಿಕ್ಕದ್ದೆಲ್ಲ ದುಡ್ಡು ಮತ್ತು ಸಮಯ ಕೊಟ್ಟರೆ ಸರಿಹೋಗುವಂಥದು.

ಚರಿತ್ರೆ

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್‌ಗಳಲ್ಲಿ ಹೆಸರಾದದ್ದು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ನೌಕಾದಳದ ವೈದ್ಯ 1885ರಲ್ಲಿ ಬ್ರಿಸ್ಟಲ್‌ನಲ್ಲಿ ಮಾಡಿಸಿದ ‘ವಾಂಡರರ್’. ಅದನ್ನು ಎಳೆಯುತ್ತಿದ್ದುದು ಕುದುರೆಗಳು. ಮೋಟಾರು ಕಾರಿನ ಹಿಂದೆ ಬರುವ ಟ್ರೇಲರುಗಳು ಅಮೆರಿಕದಲ್ಲಿ ದೊಡ್ಡ ಉದ್ಯಮವಾದದ್ದು 1930ರ ದಶಕದಲ್ಲಿ. ಡೆಟ್ರಾಯಿಟ್‌ನ ಆರ್ಥರ್ ಶರ್ಮನ್ ‘ಕವರ್ಡ್ ವ್ಯಾಗನ್’ ಎಂಬ ಹೆಸರಿನಲ್ಲಿ ಅವನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸತೊಡಗಿದ. ಗ್ಲೈಡರ್ ಕಟ್ಟುವುದರಲ್ಲಿ ಪಳಗಿದ್ದ ಹಾಲಿ ಬೌಲಸ್ 1934ರಲ್ಲಿ ವಿಮಾನದ ಒಡಲಿನಂತೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಜೋಡಿಸಿದ ‘ರೋಡ್ ಚೀಫ್’ ಮಾಡಿದ. ಅದೇ ದಾರಿಯಲ್ಲಿ ವಾಲಿ ಬೈಯಮ್‌ನ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ‘ಕ್ಲಿಪ್ಪರ್’ ಹೊರತಂದಿತು. 1952ರಿಂದ ಒಹಾಯೊ ರಾಜ್ಯದ ಜಾಕ್ಸನ್ ಸೆಂಟರ್‌ನಲ್ಲಿ ಏರ್‌ಸ್ಟ್ರೀಮ್ ತಯಾರಾಗುತ್ತಿದೆ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಮೂವರು ಗಗನಯಾತ್ರಿಗಳನ್ನು ಬೇರೆಯವರಿಂದ ದೂರವಿರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಒಂದರಲ್ಲಿ.

ಇಂದು ಈ ಉದ್ಯಮದ ರಾಜಧಾನಿ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪ್ರದೇಶ. ಥಾರ್, ಫಾರೆಸ್ಟ್ ರಿವರ್ ಕಂಪನಿಗಳ ಕಾರ್ಖಾನೆಗಳು, ಅವುಗಳಿಗೆ ಚಾಸಿ, ಆಕ್ಸಲ್, ಕಿಟಕಿ ಪೂರೈಸುವ ನೂರಾರು ಘಟಕಗಳು ಆ ಸುತ್ತಿನಲ್ಲಿವೆ. ಅಲ್ಲಿ ದುಡಿಯುವವರಲ್ಲಿ ಆಮಿಶ್ ಎಂಬ ಕ್ರೈಸ್ತ ಸಮುದಾಯದವರು ಬಹಳ. ಕೋವಿಡ್ ಕಾಲದಲ್ಲಿ ಹೋಟೆಲು, ವಿಮಾನಗಳಿಗೆ ಹೆದರಿದ ಜನ ಆರ್‌ವಿಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಆರ್‌ವಿಗಳ ಸಂಖ್ಯೆ ಸುಮಾರು 6 ಲಕ್ಷ, ಅದು ಆವರೆಗಿನ ದಾಖಲೆ. 2023ರ ಹೊತ್ತಿಗೆ ಅದು 3 ಲಕ್ಷದ ಆಸುಪಾಸಿಗೆ ಕುಸಿಯಿತು. ಅವಸರದಲ್ಲಿ ತಯಾರಾಗಿ ಅವಸರದಲ್ಲಿ ಮಾರಾಟವಾದ ಆ ವರ್ಷಗಳ ಟ್ರೇಲರುಗಳು ಈಗ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಅವುಗಳಲ್ಲಿ ಹೆಚ್ಚು ಓಡದೆ ನಿಂತೇ ಇದ್ದವು ಅನೇಕ. ಆದರೆ ನಿಂತ ಟ್ರೇಲರಿನ ಮೇಲೂ ಮಳೆ ಸುರಿಯುತ್ತದೆ, ಟೈರಿಗೆ ವಯಸ್ಸಾಗುತ್ತದೆ.

ಕಟ್ಟೋಣ

ಏನು ನೋಡಬೇಕೆಂದು ತಿಳಿಯಲು ಹೇಗೆ ಕಟ್ಟುತ್ತಾರೆಂದು ಗೊತ್ತಿರಬೇಕು. ಅಗ್ಗದ ಬಗೆಯಲ್ಲಿ ಮರದ ಪಟ್ಟಿಗಳ ಚೌಕಟ್ಟಿನ ಮೇಲೆ ಅಲೆಯಲೆಯಾದ ಅಲ್ಯೂಮಿನಿಯಂ ತಗಡು ಹೊದಿಸಿರುತ್ತಾರೆ. ಎರಡನೆಯ ಬಗೆಯಲ್ಲಿ ನುಣುಪಾದ ಫೈಬರ್‌ಗ್ಲಾಸ್ ಹಾಳೆ, ತೆಳು ಪ್ಲೈವುಡ್, ಫೋಮ್ ಇವನ್ನು ಅಂಟಿನಿಂದ ಒತ್ತಿ ಒಂದೇ ಗೋಡೆ ಮಾಡಿರುತ್ತಾರೆ. ಮೂರನೆಯದು ಎರಕದ ಫೈಬರ್‌ಗ್ಲಾಸ್: ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಎರಡು ಚಿಪ್ಪುಗಳಾಗಿ ತಯಾರಾಗಿ ನಡುವೆ ಕೂಡುತ್ತವೆ. ಕೆನಡಾದ ವಿನ್ನಿಪೆಗ್‌ನಲ್ಲಿ 1968ರಲ್ಲಿ ಶುರುವಾದ ಬೋಲರ್, ಮಿನ್ನೆಸೋಟಾದ ಸ್ಕ್ಯಾಂಪ್, ಟೆಕ್ಸಸ್‌ನ ಕಸೀಟಾ ಈ ಬಗೆಯವು. ಛಾವಣಿ ಮತ್ತು ಗೋಡೆ ಸೇರುವ ಮೂಲೆಗಳೇ ಇಲ್ಲದ್ದರಿಂದ ನೀರು ನುಗ್ಗುವ ದಾರಿಗಳು ಕಡಿಮೆ. ಅಷ್ಟೇ ಕಾರಣಕ್ಕೆ ನಲವತ್ತು ವರ್ಷ ಹಳೆಯ ಸ್ಕ್ಯಾಂಪ್‌ಗೂ ಒಳ್ಳೆಯ ಬೆಲೆ ಇದೆ. ಇಬ್ಬರು ಅಥವಾ ಮೂವರ ಸಂಸಾರಕ್ಕೆ ಹಳೆಯದನ್ನು ಕೊಳ್ಳುವುದಾದರೆ, ಸ್ಥಳ ಇಕ್ಕಟ್ಟೆಂದು ಹಿಂಜರಿಯದೆ ಮೊದಲು ಇವನ್ನೇ ಹುಡುಕುವುದು ಲೇಸು.

ಖರೀದಿ

ಟ್ರೇಲರಿನ ಬಾಗಿಲು ತೆಗೆದ ಕೂಡಲೆ ಮೂಗು ಕೆಲಸ ಮಾಡಬೇಕು. ಮುಗ್ಗಲು ವಾಸನೆ ಬಂದರೆ ಒಳಗೆಲ್ಲೋ ಮರ ಕೊಳೆಯುತ್ತಿದೆ ಎಂದೇ ಅರ್ಥ. ಸುಗಂಧದ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟಿದ್ದರೆ ಅನುಮಾನ ಇನ್ನೂ ಹೆಚ್ಚಲಿ. ಆಮೇಲೆ ಕಾಲು. ಶೌಚಾಲಯದ ಸುತ್ತ, ಬಾಗಿಲ ಬಳಿ, ಸಿಂಕಿನ ಕೆಳಗೆ, ಹಿಂಬದಿಯ ಮೂಲೆಗಳಲ್ಲಿ ಹಿಮ್ಮಡಿಯೂರಿ ನಡೆದರೆ ಮೆತ್ತಗಾದ ನೆಲ ತಗ್ಗುತ್ತದೆ. ಮೇಲಿನ ಕಪಾಟುಗಳ ಒಳಮೂಲೆ, ಮಂಚದ ಕೆಳಗಿನ ಸಾಮಾನು ಗೂಡು, ಛಾವಣಿಯ ಗಾಳಿಕಿಂಡಿಯ ಅಂಚು, ಕಿಟಕಿಯ ಕೆಳಗಿನ ಗೋಡೆ ಇವುಗಳನ್ನು ಕೈಯಿಂದ ಒತ್ತಿ, ಟಾರ್ಚ್ ಹಿಡಿದು ನೋಡಬೇಕು. ಕಂದು ಬಣ್ಣದ ಕಲೆ, ಉಬ್ಬಿದ ವಾಲ್‌ಪೇಪರ್, ತುಕ್ಕು ಹಿಡಿದ ಸ್ಟೇಪಲ್ ಮೊಳೆ ಇವೆಲ್ಲ ನೀರಿನ ಹೆಜ್ಜೆಗುರುತು. ಹೊರಗೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಗೋಡೆಗುಂಟ ಕಣ್ಣು ಹಾಯಿಸಿದರೆ, ಅಂಟಿನ ಗೋಡೆಯ ಟ್ರೇಲರಿನಲ್ಲಿ ಫೈಬರ್‌ಗ್ಲಾಸ್ ಪದರ ಬಿಟ್ಟು ಗುಳ್ಳೆಯಂತೆ ಎದ್ದಿರುವುದು ಕಾಣುತ್ತದೆ. ಹಾಗೆ ಬಿಟ್ಟ ಪದರವನ್ನು ಹಿಂದಿನಂತೆ ಕೂರಿಸುವುದು ಕಷ್ಟ. ಒಳಗಿನ ಪ್ಲೈವುಡ್ ಆಗಲೇ ಹಾಳಾಗಿರುತ್ತದೆ. ಅಂಥ ಟ್ರೇಲರನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಬೇಕು. ಗೋಡೆಗೆ ಚುಚ್ಚಿ ತೇವ ಅಳೆಯುವ ಸಣ್ಣ ಮೀಟರು ದುಬಾರಿಯಲ್ಲ, ನೋಡಲು ಹೋಗುವಾಗ ಜೇಬಿನಲ್ಲಿರಲಿ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗಿ.

ಮೇಲೇರಿ ಛಾವಣಿ ನೋಡದೆ ಯಾವ ಟ್ರೇಲರಿಗೂ ಮುಂಗಡ ಕೊಡಬಾರದು. ಹೆಚ್ಚಿನವಕ್ಕೆ ಮೇಲೆ ರಬ್ಬರಿನಂಥ ಹಾಸು ಅಂಟಿಸಿರುತ್ತಾರೆ. ಗಾಳಿಕಿಂಡಿ, ಎಸಿ, ಕೊಳವೆಗಳು ಅದನ್ನು ತೂರಿ ಬರುವ ಕಡೆಯೆಲ್ಲ ಸುತ್ತಲೂ ಮೆತ್ತಿದ ಸೀಲೆಂಟ್ ಬಿರುಕು ಬಿಟ್ಟಿದೆಯೇ, ಅಂಚು ಎದ್ದಿದೆಯೇ ಎಂಬುದು ಮುಖ್ಯ. ಬೇರೆ ಬೇರೆ ಬಣ್ಣದ ಸೀಲೆಂಟ್ ಪದರ ಪದರವಾಗಿ ಬಳಿದಿದ್ದರೆ ಅಲ್ಲಿ ಸೋರಿಕೆಯ ದೊಡ್ಡ ಕತೆಯೇ ಇದೆ.

ಟೈರಿನ ವಿಚಾರದಲ್ಲಿ ಕಾರಿನ ಅನುಭವ ದಾರಿ ತಪ್ಪಿಸುತ್ತದೆ. ಟ್ರೇಲರ್ ಟೈರಿನ ಮೇಲ್ಪದರ ಸವೆಯುವ ಮೊದಲೇ ರಬ್ಬರು ಮುಪ್ಪಾಗುತ್ತದೆ. ಪಕ್ಕದ ಗೋಡೆಯ ಮೇಲಿನ ‘ಡಾಟ್’ (DOT) ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ನೋಡಲು ಹೊಸದರಂತಿದ್ದರೂ ಐದಾರು ವರ್ಷ ದಾಟಿದ ಟೈರನ್ನು ಬದಲಿಸಿಯೇ ದೂರದ ದಾರಿ ಹಿಡಿಯಬೇಕು. ಹೆದ್ದಾರಿಯಲ್ಲಿ ಒಡೆದ ಟೈರು ತಾನು ಹೋಗುವುದಲ್ಲದೆ ಗಾಲಿಯ ಮೇಲಿನ ನೆಲವನ್ನೂ ಕೊಳವೆಗಳನ್ನೂ ಹರಿದು ಹಾಕುತ್ತದೆ. ಟೈರಿನ ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಾಗಿದೆ ಅಥವಾ ಮಿತಿ ಮೀರಿ ಹೇರು ತುಂಬಿದ್ದಾರೆ ಎಂದು ತಿಳಿಯಬೇಕು. ಕೆಳಗೆ ಬಗ್ಗಿ, ಎ ಆಕಾರದ ಮುಂಚೌಕಟ್ಟು ಚಾಸಿಗೆ ಸೇರುವ ವೆಲ್ಡಿಂಗಿನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ನೋಡುವುದೂ ಅಗತ್ಯ.

ಒಳಗಿನ ಉಪಕರಣಗಳನ್ನು ಮಾರುವವರು ಬಾಯಲ್ಲಿ ಹೇಳಿದರೆ ಸಾಲದು, ನಡೆಸಿ ತೋರಿಸಬೇಕು. ಹಳೆಯ ಟ್ರೇಲರುಗಳ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಪ್ರೊಪೇನ್ ಉರಿ ಅಥವಾ ವಿದ್ಯುತ್ತಿನ ಕಾವಿನಿಂದ ಅಮೋನಿಯಾ ದ್ರಾವಣ ಸುತ್ತಾಡಿ ತಂಪು ಕೊಡುತ್ತದೆ. ಅದು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಹಿಂದಿನ ರಾತ್ರಿಯೇ ಹಚ್ಚಿಡಲು ಹೇಳಿ. ಹಿಂಬದಿಯ ಮುಚ್ಚಳ ತೆಗೆದಾಗ ಹಳದಿ ಪುಡಿ ಕಂಡರೆ ಅಥವಾ ಅಮೋನಿಯಾ ಘಾಟು ಬಂದರೆ ಆ ಫ್ರಿಜ್ ಮುಗಿದಂತೆ. ಈ ಬಗೆಯ ಫ್ರಿಜ್ ತಯಾರಿಸುವ ಡೊಮೆಟಿಕ್ ಮತ್ತು ನಾರ್ಕೋಲ್ಡ್ ಎರಡೂ ಬೆಂಕಿಯ ಅಪಾಯದ ಕಾರಣಕ್ಕೆ ಕೆಲವು ಮಾದರಿಗಳನ್ನು ಹಿಂದಕ್ಕೆ ಕರೆಸಿದ್ದವು. ಹಳೆಯ ಟ್ರೇಲರಿನಲ್ಲಿ ಅಂಥ ಮಾದರಿ ಇದ್ದರೆ ದುರಸ್ತಿ ಆಗಿದೆಯೇ ಎಂದು ಕೇಳಲೇಬೇಕು. 1990ರ ದಶಕದ ನಡುವಿನವರೆಗಿನ ಟ್ರೇಲರುಗಳಲ್ಲಿ ಬೂದು ಬಣ್ಣದ ಪಾಲಿಬ್ಯುಟಿಲೀನ್ ಕೊಳವೆಗಳಿದ್ದರೆ ಅವು ಎಂದಾದರೂ ಸೋರುವಂಥವೇ.

ಕಾಗದಪತ್ರಗಳಲ್ಲಿ ಮೊದಲನೆಯದು ಟೈಟಲ್, ಅಂದರೆ ಒಡೆತನದ ಪತ್ರ. ಅದರಲ್ಲಿರುವ 17 ಅಕ್ಷರಾಂಕಿಗಳ ವಿನ್ ಎಂಬ ಗುರುತಿನ ಸಂಖ್ಯೆ ಟ್ರೇಲರಿನ ಮೇಲಿನದಕ್ಕೆ ತಾಳೆಯಾಗಬೇಕು. ಬ್ಯಾಂಕಿನ ಸಾಲ ತೀರಿರಬೇಕು. ನೆರೆಯಲ್ಲಿ ಮುಳುಗಿದ್ದ ಟ್ರೇಲರುಗಳು ರಾಜ್ಯ ದಾಟಿ ಮಾರಾಟಕ್ಕೆ ಬರುವುದುಂಟು. ಇನ್ನೊಂದು ಬಗೆಯನ್ನು ವಿಶೇಷವಾಗಿ ಗುರುತಿಸಬೇಕು. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆಂದು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಲಕ್ಷಕ್ಕೂ ಮಿಕ್ಕಿ ಟ್ರೇಲರುಗಳನ್ನು ಕೊಂಡಿತು. ಅವುಗಳಲ್ಲಿ ವಾಸವಿದ್ದವರಿಗೆ ಕಣ್ಣುರಿ, ಉಸಿರಾಟದ ತೊಂದರೆ ಶುರುವಾಯಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 519 ಟ್ರೇಲರುಗಳ ಗಾಳಿಯನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಫಾರ್ಮಾಲ್ಡಿಹೈಡ್ ಪ್ರಮಾಣ ಸರಾಸರಿ 77 ಪಿಪಿಬಿ (ಶತಕೋಟಿಯಲ್ಲಿ 77 ಭಾಗ) ಇತ್ತು, ಸಾಮಾನ್ಯ ಮನೆಗಳಿಗಿಂತ ಬಹಳ ಹೆಚ್ಚು. ಅಗ್ಗದ ಪ್ಲೈವುಡ್ಡಿನ ಅಂಟೇ ಇದಕ್ಕೆ ಮೂಲ. ಮುಂದೆ ಸರ್ಕಾರ ಅವನ್ನು ‘ವಾಸಕ್ಕಲ್ಲ’ ಎಂಬ ಎಚ್ಚರಿಕೆಯ ಚೀಟಿ ಅಂಟಿಸಿ ಹರಾಜು ಹಾಕಿತು. ಚೀಟಿಯನ್ನು ಕಿತ್ತು ಮತ್ತೆ ವಾಸಕ್ಕೆಂದೇ ಮಾರಿದವರಿದ್ದರು. ಬಡವರ ಆರೋಗ್ಯದ ಮೇಲೆ ನಡೆದ ಈ ಎರಡನೆಯ ಅನ್ಯಾಯ ಮೊದಲನೆಯದಕ್ಕಿಂತ ಕಡಿಮೆಯದಲ್ಲ. 2005–06ರ, ಒಳಗೆ ಅಲಂಕಾರವೇ ಇಲ್ಲದ, ಉದ್ದನೆಯ ಅಗ್ಗದ ಟ್ರೇಲರ್ ಕಂಡರೆ ಅದರ ಹಿನ್ನೆಲೆ ವಿಚಾರಿಸದೆ ಕೊಳ್ಳಬಾರದು.

ಎಳೆತ

ಕಾರಿನ ಜಾಹೀರಾತಿನಲ್ಲಿ ‘7,500 ಪೌಂಡ್ ಎಳೆಯುತ್ತದೆ’ ಎಂದು ಓದಿ ಅಷ್ಟೇ ತೂಕದ ಟ್ರೇಲರ್ ಹುಡುಕುವುದು ಹೊಸಬರು ಎಲ್ಲಕ್ಕಿಂತ ಹೆಚ್ಚಾಗಿ ಮಾಡುವ ತಪ್ಪು. ಎಳೆಯುವ ಶಕ್ತಿ ಮುಗಿಯುವ ಎಷ್ಟೋ ಮುಂಚೆ ಹೊರುವ ಶಕ್ತಿ ಮುಗಿದಿರುತ್ತದೆ. ಎತ್ತಿನ ಗಾಡಿಗೆ ಹೇರು ತುಂಬಿ ಬಲ್ಲವರಿಗೆ ಮೂಕಿಭಾರದ ಲೆಕ್ಕ ಗೊತ್ತು: ಹೇರು ಹಿಂದಾದರೆ ನೊಗ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನ ಮೂಕಿ ಕಾರಿನ ಹಿಚ್ ಬಾಲ್ ಮೇಲೆ ಒತ್ತುವ ಭಾರ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರು ಬಾಲ ಆಡಿಸತೊಡಗುತ್ತದೆ.

ಲೆಕ್ಕ ಹೀಗೆ ಮಾಡಬೇಕು. ಚಾಲಕನ ಬಾಗಿಲ ಚೌಕಟ್ಟಿನ ಮೇಲಿರುವ ಚೀಟಿಯಲ್ಲಿ ಆ ವಾಹನ ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದೆಂದು ಬರೆದಿರುತ್ತದೆ. ಅದು 1,300 ಪೌಂಡ್, ಅಂದರೆ ಸುಮಾರು 590 ಕಿಲೊ ಎಂದಿಟ್ಟುಕೊಳ್ಳಿ. ನಾಲ್ವರ ಸಂಸಾರ 550 ಪೌಂಡ್. ತುಂಬಿದಾಗ 5,500 ಪೌಂಡ್ ತೂಗುವ ಟ್ರೇಲರಿನ ಮೂಕಿಭಾರ ಸುಮಾರು 700. ಹಿಚ್ ಸಲಕರಣೆ 80. ಕೂಡಿದರೆ 1,330. ಡಿಕ್ಕಿಯಲ್ಲಿ ಒಂದು ಚೀಲ ಇಡುವ ಮೊದಲೇ ಮಿತಿ ದಾಟಿತು, ಎಳೆಯುವ ಶಕ್ತಿ ಇನ್ನೂ 2,000 ಪೌಂಡ್ ಉಳಿದಿರುವಾಗಲೇ. ಟ್ರೇಲರಿನ ಪುಸ್ತಿಕೆಯಲ್ಲಿರುವ ಖಾಲಿ ತೂಕವನ್ನೂ ನಂಬುವಂತಿಲ್ಲ. 40 ಗ್ಯಾಲನ್ ನೀರೇ ಸುಮಾರು 150 ಕಿಲೊ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಜಿವಿಡಬ್ಲ್ಯುಆರ್ ಎಂದು ಟ್ರೇಲರಿನ ಪಕ್ಕದಲ್ಲಿ ನಮೂದಿಸಿದ ಗರಿಷ್ಠ ತೂಕ. ನಿಜವಾದ ತೂಕ ಬೇಕಿದ್ದರೆ, ಲಾರಿಗಳು ತಂಗುವ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಕೆಲವೇ ಡಾಲರಿಗೆ ಪ್ರತಿ ಆಕ್ಸಲ್‌ನ ತೂಕ ಬೇರೆ ಬೇರೆಯಾಗಿ ಅಚ್ಚಾಗಿ ಬರುತ್ತದೆ. ಮೊದಲ ಪ್ರಯಾಣಕ್ಕೆ ಮುನ್ನ ಅಲ್ಲಿಗೆ ಹೋಗಿಬರುವುದನ್ನು ಕಡ್ಡಾಯವೆಂದೇ ಭಾವಿಸಬೇಕು.

ಭಾರದ ಟ್ರೇಲರುಗಳಿಗೆ ತೂಕ ಹಂಚುವ ಹಿಚ್ ಬಳಸುತ್ತಾರೆ. ಅದರಲ್ಲಿ ಎರಡು ಉಕ್ಕಿನ ಸ್ಪ್ರಿಂಗ್ ಸರಳುಗಳಿದ್ದು, ಕಾರಿನ ಹಿಂಗಾಲಿಗಳ ಮೇಲಿನ ಭಾರದ ಒಂದು ಪಾಲನ್ನು ಮುಂಗಾಲಿಗಳಿಗೂ ಟ್ರೇಲರಿನ ಗಾಲಿಗಳಿಗೂ ಸಾಗಿಸುತ್ತವೆ. ಮುಂಗಾಲಿ ನೆಲವನ್ನು ಸರಿಯಾಗಿ ಕಚ್ಚಿದರೆ ಸ್ಟೀರಿಂಗೂ ಬ್ರೇಕೂ ಮಾತು ಕೇಳುತ್ತವೆ. ಆದರೆ ಕಾರಿನ ಮಿತಿಯನ್ನು ಇದು ಹೆಚ್ಚಿಸುವುದಿಲ್ಲ. ಟ್ರೇಲರಿನ ವಿದ್ಯುತ್ ಬ್ರೇಕುಗಳನ್ನು ನಡೆಸಲು ಚಾಲಕನ ಕೈಗೆಟಕುವಂತೆ ಬ್ರೇಕ್ ಕಂಟ್ರೋಲರ್ ಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ಮೀರಿದ ಟ್ರೇಲರಿಗೆ ಬ್ರೇಕು ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಈ ಮಿತಿ 1,500 ಪೌಂಡ್. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ ಸಿಕ್ಕಿಸುತ್ತಾರೆ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬಡಿಯದೆ ಅವುಗಳ ಮೇಲೆ ನಿಲ್ಲುತ್ತದೆ. ಟ್ರೇಲರು ಪೂರ್ತಿ ಬೇರ್ಪಟ್ಟರೆ ಒಂದು ಪಿನ್ನು ಕಿತ್ತುಬಂದು ಬ್ರೇಕು ತಾನಾಗಿ ಬೀಳುತ್ತದೆ, ಟ್ರೇಲರಿನ ಬ್ಯಾಟರಿಯಲ್ಲಿ ಜೀವವಿದ್ದರೆ ಮಾತ್ರ.

ರಸ್ತೆಯಲ್ಲಿ ಭಯ ಹುಟ್ಟಿಸುವುದು ತೂಗಾಟ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ, ಇಳಿಜಾರಿನಲ್ಲಿ, ಅಡ್ಡಗಾಳಿಯಲ್ಲಿ ಟ್ರೇಲರು ಎಡಬಲಕ್ಕೆ ಬೀಸತೊಡಗಿ ಕಾರನ್ನೂ ಎಳೆದಾಡುತ್ತದೆ. ಆಗ ಕಾಲು ತಾನಾಗಿ ಕಾರಿನ ಬ್ರೇಕಿಗೆ ಹೋಗುತ್ತದೆ, ಹೋಗಬಾರದು. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಕೈಯಿಂದ ಕಂಟ್ರೋಲರಿನ ಗುಂಡಿ ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಬೇಕು. ಟ್ರೇಲರು ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಹಿಂದಿನ ಬಂಪರಿನ ಮೇಲೆ ನಾಲ್ಕು ಸೈಕಲ್ ನೇತುಹಾಕುವವರು ಮೂಕಿಭಾರವನ್ನು ತಾವೇ ಕಡಿಮೆ ಮಾಡಿ ಈ ಆಪತ್ತನ್ನು ಕರೆದುಕೊಳ್ಳುತ್ತಾರೆ. ವೇಗವೂ ಅಷ್ಟೇ ದೊಡ್ಡ ಕಾರಣ. ಅನೇಕ ಟ್ರೇಲರ್ ಟೈರುಗಳ ಗರಿಷ್ಠ ವೇಗವೇ ಗಂಟೆಗೆ 65 ಮೈಲಿ, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿ 55.

ಹಿಮ್ಮುಖ ಚಾಲನೆಗೆ ಒಂದು ಸುಲಭ ಉಪಾಯವಿದೆ: ಸ್ಟೀರಿಂಗಿನ ಕೆಳಭಾಗ ಹಿಡಿದು, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸುವುದು. ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು. ಬಾಲ್ಟಿಮೋರ್ ಬಂದರಿನ ಸುರಂಗಕ್ಕೆ ಪ್ರೊಪೇನ್ ಸಿಲಿಂಡರ್ ಹೊತ್ತ ಟ್ರೇಲರುಗಳಿಗೆ ಪ್ರವೇಶವಿಲ್ಲ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ ಟ್ರೇಲರ್ ಸೇರಿ 21 ಅಡಿಗಿಂತ ಉದ್ದವಾಗುವ ವಾಹನ ಹೋಗುವಂತಿಲ್ಲ. ಟ್ರೇಲರನ್ನು ಶಿಬಿರದಲ್ಲಿ ಬಿಟ್ಟು ಕಾರಿನಲ್ಲಿ ಹೋಗಬೇಕು.

ಆರೈಕೆ

ವರ್ಷಕ್ಕೆ ಎರಡು ಮೂರು ಸಲ ಛಾವಣಿ ತೊಳೆದು ಸೀಲೆಂಟ್ ನೋಡುವುದು ಎಲ್ಲಕ್ಕಿಂತ ದೊಡ್ಡ ಆರೈಕೆ. ಬಿರುಕಿದ್ದಲ್ಲಿ ಆ ಛಾವಣಿಗೆ ಹೊಂದುವ, ತಾನೇ ಹರಡಿ ಸಮನಾಗುವ ಸೀಲೆಂಟ್ ಹಾಕಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಲಿಕೋನ್ ಬಳಿದರೆ ಅದು ಬೇಗ ಬಿಡುತ್ತದೆ, ಆಮೇಲೆ ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ. ನೀರು ಹೊರಗಿನಿಂದಷ್ಟೇ ಬರುವುದಿಲ್ಲ. ಚಳಿಯ ಊರಿನಲ್ಲಿ ಕಿಟಕಿ ಮುಚ್ಚಿ ಕುಕ್ಕರಿನಲ್ಲಿ ಅನ್ನ, ಸಾರು ಮಾಡುವ ನಮ್ಮ ಮನೆಗಳ ಅಡಿಗೆಯ ಹಬೆ ಆ ಪುಟ್ಟ ಜಾಗದ ಗೋಡೆಯ ಮೇಲೆ ಹನಿಯಾಗಿ ಇಳಿದು ಹಾಸಿಗೆಯಡಿ ಬೂಷ್ಟು ಹಿಡಿಸುತ್ತದೆ. ಅಡಿಗೆಯ ಹೊತ್ತಿಗೆ ಛಾವಣಿಯ ಫ್ಯಾನು ಹಾಕಿ ಒಂದು ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು.

ಗಾಲಿಯ ಬೇರಿಂಗುಗಳನ್ನು ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬುವುದು ರೂಢಿ. ಕೆಲವು ಆಕ್ಸಲ್‌ಗಳಲ್ಲಿ ಬಿಚ್ಚದೆಯೇ ಗನ್ನಿನಿಂದ ಗ್ರೀಸ್ ತುಂಬುವ ಬಾಯಿ ಇರುತ್ತದೆ. ಅವಸರದಲ್ಲಿ ಒತ್ತಿದರೆ ಹಿಂದಿನ ಸೀಲು ಹರಿದು ಗ್ರೀಸೆಲ್ಲ ಬ್ರೇಕ್ ಶೂಗೆ ಮೆತ್ತಿಕೊಳ್ಳುತ್ತದೆ, ಬ್ರೇಕು ಹಿಡಿಯುವುದಿಲ್ಲ. ಗಾಲಿ ಬಿಚ್ಚಿ ಹಾಕಿದ ಮೇಲೆ ಮೊದಲ 50 ಮೈಲಿಯೊಳಗೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕು.

ವಿದ್ಯುತ್ತಿನ ಒಂದು ಅಪಾಯ ಗೊತ್ತಿಲ್ಲದೆ ಅನೇಕರು ಟ್ರೇಲರನ್ನೇ ಸುಟ್ಟುಕೊಂಡಿದ್ದಾರೆ. ಸಾಮಾನ್ಯ ಟ್ರೇಲರಿನ 30 ಆಂಪಿಯರ್ ಪ್ಲಗ್ಗು 120 ವೋಲ್ಟಿನದು. ಮನೆಯಂಗಳದಲ್ಲಿ ಅದಕ್ಕೆ ಸಾಕೆಟ್ ಹಾಕಲು ಬಂದ ಎಲೆಕ್ಟ್ರಿಷಿಯನ್ ಮೂರು ದಪ್ಪ ಪಿನ್ನುಗಳನ್ನು ಕಂಡು ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಸಾಕೆಟ್ ಎಂದೇ ಭಾವಿಸಿ ತಂತಿ ಜೋಡಿಸಬಹುದು. ಸಿಕ್ಕಿಸಿದ ಕ್ಷಣದಲ್ಲೇ ಎಸಿ, ಕನ್ವರ್ಟರ್, ಫ್ರಿಜ್‌ನ ಬೋರ್ಡು ಎಲ್ಲ ಹೋಗುತ್ತವೆ. ಮೀಟರ್ ಹಿಡಿದು ನೋಡದೆ ಹೊಸ ಸಾಕೆಟ್ಟಿಗೆ ಸಿಕ್ಕಿಸಬಾರದು. ಗ್ಯಾಸ್ ಸೋರಿಕೆ ಪತ್ತೆಯ ಅಲಾರಂ ಐದರಿಂದ ಏಳು ವರ್ಷಕ್ಕೆ ಮುಗಿಯುತ್ತದೆ. ಹಳೆಯ ಟ್ರೇಲರ್ ಕೊಂಡ ದಿನವೇ ಅದನ್ನೂ ಕಾರ್ಬನ್ ಮಾನಾಕ್ಸೈಡ್ ಅಲಾರಮನ್ನೂ ಬದಲಿಸುವುದು ಒಳ್ಳೆಯದು.

ಟ್ಯಾಂಕುಗಳು ಮೂರು: ಶುದ್ಧ ನೀರಿನದು, ಸಿಂಕು ಸ್ನಾನದ ಬೂದು ನೀರಿನದು, ಶೌಚದ ಕಪ್ಪು ನೀರಿನದು. ಶಿಬಿರದಲ್ಲಿ ಕಪ್ಪು ಟ್ಯಾಂಕಿನ ಕವಾಟ ಸದಾ ಮುಚ್ಚಿರಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಮಲ ಗಟ್ಟಿಯಾಗಿ ಉಳಿಯುತ್ತದೆ. ಖಾಲಿ ಮಾಡುವಾಗ ಮೊದಲು ಕಪ್ಪು, ಆಮೇಲೆ ಬೂದು, ಬೂದು ನೀರೇ ಹೋಸನ್ನು ತೊಳೆಯುತ್ತದೆ.

ಹಿಮ ಬೀಳುವ ರಾಜ್ಯಗಳಲ್ಲಿ ಚಳಿಗಾಲದ ಸಿದ್ಧತೆ ತಪ್ಪಿದರೆ ಕೊಳವೆಯಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ನಲ್ಲಿ, ಪಂಪು, ಕೀಲುಗಳನ್ನು ಸೀಳುತ್ತದೆ. ಎಲ್ಲ ಟ್ಯಾಂಕುಗಳನ್ನೂ ವಾಟರ್ ಹೀಟರನ್ನೂ ಬರಿದು ಮಾಡಿ, ಹೀಟರನ್ನು ಬದಿಗಿರಿಸುವ ಕವಾಟ ತಿರುಗಿಸಿ, ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಪ್ರತಿ ನಲ್ಲಿಯಿಂದಲೂ ಬರುವವರೆಗೆ ಪಂಪು ನಡೆಸಬೇಕು. ಕಾರಿನ ರೇಡಿಯೇಟರಿನ ಆ್ಯಂಟಿಫ್ರೀಜ್ ವಿಷ, ಅದನ್ನು ಎಂದೂ ಹಾಕಕೂಡದು. ವಸಂತದಲ್ಲಿ 15 ಗ್ಯಾಲನ್ ನೀರಿಗೆ ಕಾಲು ಕಪ್ ಬ್ಲೀಚ್ ಲೆಕ್ಕದಲ್ಲಿ ಶುದ್ಧ ನೀರಿನ ಟ್ಯಾಂಕಿಗೆ ತುಂಬಿ ಕೆಲವು ಗಂಟೆ ಬಿಟ್ಟು ಚೆನ್ನಾಗಿ ತೊಳೆದ ಮೇಲೆಯೇ ಕುಡಿಯಲು ಬಳಸಬೇಕು. ನೀರು ತುಂಬುವ ಮುನ್ನ ಹೀಟರಿನ ವಿದ್ಯುತ್ ಸ್ವಿಚ್ ಒತ್ತಿದರೆ ಅದರ ಕಾಯಿಲು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಇದೆಲ್ಲ ಬಹುಮಟ್ಟಿಗೆ ಅಮೆರಿಕದ ಮಾತು. ಭಾರತದಲ್ಲಿ ಖಾಸಗಿ ಕಾರಿನ ಹಿಂದೆ ಟ್ರೇಲರ್ ಎಳೆಯುವ ರೂಢಿ ಇನ್ನೂ ಬೆಳೆದಿಲ್ಲ. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ಪ್ರಕಟಿಸಿತಾದರೂ ಇಲ್ಲಿ ಕಾಣುವ ಕ್ಯಾರವಾನ್‌ಗಳು ಬಹುಮಟ್ಟಿಗೆ ಎಂಜಿನ್ ಇರುವ ವ್ಯಾನು, ಬಸ್ಸುಗಳೇ. ಅಮೆರಿಕದಲ್ಲಿ ನೆಲೆಸಿ ಟ್ರೇಲರ್ ಕೊಳ್ಳಬಯಸುವ ಕನ್ನಡಿಗರು ನಿಲುಗಡೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಹಲವು ಬಡಾವಣೆಗಳ ನಿವಾಸಿ ಸಂಘಗಳು ಮನೆಯ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುವುದಿಲ್ಲ, ಬೇರೆಡೆ ತಿಂಗಳ ಬಾಡಿಗೆ ಕೊಡಬೇಕಾಗುತ್ತದೆ. ವರ್ಷಕ್ಕೊಂದು ವಾರ ಹೊರಡುವವರಿಗೆ ಬಾಡಿಗೆಯ ಟ್ರೇಲರೇ ಸರಿ. ಬೇಸಗೆಯುದ್ದಕ್ಕೂ ಹೊರಡುವವರು, ಏಣಿ ಹತ್ತಿ ಛಾವಣಿ ನೋಡಲು ಬೇಸರಪಡದವರು ಮಾತ್ರ ಹಳೆಯದನ್ನು ಕೊಳ್ಳಲಿ.